ಸತ್ಯಾಂಶ: ಎರಡು ಆಂಟಿವೈರಸ್ ಹಾಕಿದರೆ ಎರಡು ಪಟ್ಟು ರಕ್ಷಣೆಯೇ?

‘ಎರಡು ಮೂರು ಉಚಿತ ಆಂಟಿವೈರಸ್ ಹಾಕ್ಕೊಳ್ಳಿ, ಒಂದು ಬಿಟ್ಟಿದ್ದನ್ನು ಇನ್ನೊಂದು ಹಿಡಿಯುತ್ತೆ’ ಎಂಬ ಸಂದೇಶ ಮೈಸೂರಿನ ಬಡಾವಣೆಗಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ನೀವು ತೆರೆಯುವ ಪ್ರತಿ ಫೈಲನ್ನೂ ಆಂಟಿವೈರಸ್ ಆ ಕ್ಷಣವೇ ತಡೆದು ನೋಡುತ್ತದೆ. ಎರಡಿದ್ದರೆ ಒಂದೇ ಫೈಲಿಗೆ ಎರಡೂ ಕೈ ಹಾಕುತ್ತವೆ. ಒಂದು ಇನ್ನೊಂದನ್ನೇ ವೈರಸ್ ಅಂತ ಅನುಮಾನಿಸುವುದೂ ಉಂಟು. ಕಂಪ್ಯೂಟರ್ ಸುಮ್ನೆ ನಿಧಾನವಾಗುತ್ತದೆ.

ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಮೊದಲೇ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ತೆರೆದು ಹಸಿರು ಗುರುತು ಇದೆಯಾ ನೋಡಿ. ಮನೆ ಬಳಕೆಗೆ ಇದೊಂದೇ ಸಾಕು ಎಂಬುದು ನನ್ನ ಅಭಿಪ್ರಾಯ. ಅಪ್‌ಡೇಟ್ ಮಾತ್ರ ತಪ್ಪಿಸಬೇಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ (ಅಂದರೆ ಮಾಮೂಲಿಯಾಗಿ ಬರುವ ಸುರಕ್ಷತಾ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ವೈರಸ್ ಈಗಾಗಲೇ ಹೊಕ್ಕಿರುವ ಅನುಮಾನವೇ? ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಅದನ್ನು ತೆಗೆಯುವ ಉಚಿತ ಟೂಲ್‌ಗಳಿವೆ. ಫಾರ್ವರ್ಡ್ ಜೊತೆ ಬಂದ ಡೌನ್‌ಲೋಡ್ ಲಿಂಕ್ ಮಾತ್ರ ಒತ್ತಬೇಡಿ.