ಲಾವಾ ನೋಡಿದೆಯಾ ಎಂದು ಕೇಳುವವರಿಗೆ

ರಿಯೂನಿಯನ್ ದ್ವೀಪದಿಂದ ಬಂದು ಮೂರು ವಾರವಾಯಿತು. ಎದುರಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಲಾವಾ ನೋಡಿದೆಯಾ?" ಇಲ್ಲ ಎಂದ ಕೂಡಲೇ ಅವರ ಮುಖದ ಮೇಲೆ ಮರುಕ ಮೂಡುತ್ತದೆ. ಜಾತ್ರೆಗೆ ಹೋಗಿ ತೇರು ನೋಡದೆ ಬಂದವನನ್ನು ಕಂಡಾಗ ಮೂಡುವಂಥ ಮರುಕ. ಒಬ್ಬೊಬ್ಬರಿಗೂ ಉತ್ತರ ಹೇಳಿ ಸಾಕಾಗಿದೆ. ಇಲ್ಲಿ ಒಮ್ಮೆ ಬರೆದುಬಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿದರಾಯಿತು.

ರಿಯೂನಿಯನ್ ಇರುವುದು ಮಾರಿಷಸ್ಸಿನ ಪಕ್ಕದಲ್ಲಿ. ಆಡಳಿತ ಫ್ರಾನ್ಸಿನದು. ನಮ್ಮ ಕೊಡಗಿನ ಅರ್ಧಕ್ಕಿಂತ ತುಸು ದೊಡ್ಡದು, ಆದರೆ ಎತ್ತರ ಕೇಳಬೇಡಿ. ಅಲ್ಲಿನ ಹಳೆಯ ಜ್ವಾಲಾಮುಖಿ ಪಿಟೋನ್ ದೆ ನೇಜ್ 3,070 ಮೀಟರ್. ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಇನ್ನೂ ಸಾವಿರ ಮೀಟರ್ ಪೇರಿಸಿದಂತೆ. ಅದು ತಣ್ಣಗಾಗಿ ಸಾವಿರಾರು ವರ್ಷಗಳಾಗಿವೆ. ಕಿರಿಯದು, 2,632 ಮೀಟರಿನ ಪಿಟೋನ್ ದ ಲಾ ಫೂರ್ನೇಜ್, ಈಗಲೂ ಆಗಾಗ ಉಕ್ಕುತ್ತದೆ, ಜಗತ್ತಿನ ಅತಿ ಚುರುಕಿನ ಜ್ವಾಲಾಮುಖಿಗಳಲ್ಲಿ ಒಂದು. ನಾನಿದ್ದ ಎಂಟು ದಿನ ಮಾತ್ರ ಅದು ಗಪ್ಪಾಗಿ ಕುಳಿತಿತ್ತು. ನನ್ನ ಹಣೆಬರಹ.

ಮೊದಲು ಹೇಳಬೇಕಾದ್ದು ಮೈದೊ. ಸುಮಾರು 2,200 ಮೀಟರ್ ಎತ್ತರದ ಅಂಚು, ಹತ್ತಿರದವರೆಗೂ ಕಾರು ಹೋಗುತ್ತದೆ. ಕಟಾಂಜನ ಹಿಡಿದು ಬಗ್ಗಿದರೆ ಸಾವಿರ ಮೀಟರಿಗೂ ಕೆಳಗೆ ಮಫಾತ್ ಕಣಿವೆ. ಹಳೆಯ ಜ್ವಾಲಾಮುಖಿಯ ಒಡಲು ಕುಸಿದು, ಮಳೆಯಲ್ಲಿ ಕೊಚ್ಚಿಹೋಗಿ ಉಳಿದ ಬೃಹತ್ ತಗ್ಗು ಅದು. ಅದರೊಳಗೂ ಊರುಗಳಿವೆ, ರಸ್ತೆ ಇಲ್ಲ. ನಡೆದು ಹೋಗಬೇಕು, ಇಲ್ಲವೇ ಹೆಲಿಕಾಪ್ಟರ್. ಕಬ್ಬಿನ ತೋಟಗಳ ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಅಡಗಿಕೊಂಡ ಜಾಗ. ಅಂಥ ಒಬ್ಬನ ಹೆಸರೇ ಕಣಿವೆಗೆ ಉಳಿದಿದೆ. 1848ರಲ್ಲಿ ಗುಲಾಮಗಿರಿ ರದ್ದಾದ ಮೇಲೂ ಜನ ಅಲ್ಲಿಯೇ ಉಳಿದರು. ಮೇಲಿನಿಂದ ಅವರ ತಗಡಿನ ಮಾಡುಗಳು ಬೆಂಕಿಪೊಟ್ಟಣದಷ್ಟು ಕಾಣುತ್ತವೆ. ನಾನು ನೋಡುತ್ತಿದ್ದಂತೆ ಒಂದು ಹೆಲಿಕಾಪ್ಟರ್ ಸಾಮಾನಿನ ಗಂಟನ್ನು ಜೋಲಾಡಿಸುತ್ತ ಕಣಿವೆಗೆ ಇಳಿಯಿತು. ನಾನು ಅದರ ಬೆನ್ನನ್ನು ನೋಡುತ್ತಿದ್ದೆ! ಐವತ್ತು ವರ್ಷ ಕತ್ತೆತ್ತಿ ನೋಡಿದ ವಸ್ತುವನ್ನು ಅಂದು ಕತ್ತು ಬಗ್ಗಿಸಿ ನೋಡಿದೆ.

ಇದು ಎರಡನೆಯ ಯತ್ನದ ಕಥೆ. ಮೊದಲ ದಿನ ಹೋಟೆಲಿನ ತಿಂಡಿ ಬಿಟ್ಟರೆ ದುಡ್ಡು ದಂಡವೆಂದು ಸಾವಕಾಶವಾಗಿ ತಿಂದು, ಹತ್ತೂವರೆಗೆ ಮೈದೊ ತಲುಪಿದೆ. ಸುಣ್ಣ ಬಳಿದ ಗೋಡೆಯಂಥ ಮೋಡ ಬಿಟ್ಟರೆ ಏನೂ ಇಲ್ಲ. ಕಡಲ ತೇವದ ಗಾಳಿ ಬಿಸಿಲೇರಿದಂತೆ ಇಳಿಜಾರು ಹತ್ತಿ ಮೇಲೆ ಬಂದು ಮೋಡವಾಗುತ್ತದೆ. ದಿನವೂ ಹೆಚ್ಚುಕಡಿಮೆ ಇದೇ ಕಥೆ. ಒಂಬತ್ತರೊಳಗೆ ನೋಡಿದರೆ ನೋಡಿದಿರಿ. ನಾಲ್ಕಕ್ಕೆ ಏಳಲು ಆಗದವರು ಕಡಲ ದಂಡೆಯಲ್ಲೇ ಮಲಗಿರಬಹುದು, ಅದೇನೂ ಕೆಟ್ಟದ್ದಲ್ಲ.

ಎಲ್ಲರೂ ಹೊಗಳುವ ಇನ್ನೊಂದು ಜಾಗ ಪಾ ದ ಬೆಲ್ಕೋಂಬ್, ಜೀವಂತ ಜ್ವಾಲಾಮುಖಿಯ ಎದುರಿನ ಅಂಚು. ಅಲ್ಲಿಗೆ ಹೋಗುವ ದಾರಿಯಲ್ಲಿ ಪ್ಲೇನ್ ದೆ ಸಾಬ್ಲ್ ಎಂಬ ಬಯಲಿದೆ, ಕೆಂಪುಗಪ್ಪು ಬೂದಿ ಹರಡಿದ ಬೋಳು ನೆಲ. ಇಳಿದು ನಿಂತರೆ ಗಾಳಿಯ ಸದ್ದಷ್ಟೇ. ಬೆಲ್ಕೋಂಬಿನಿಂದ ಕೆಳಗೆ ಫೋರ್ಮಿಕಾ ಲಿಯೊ ಎಂಬ ಪುಟ್ಟ ಜ್ವಾಲಾಮುಖಿ ಬಾಯಿ ಕಾಣುತ್ತದೆ. 1753ರಲ್ಲಿ ಹುಟ್ಟಿದ್ದು, ಇರುವೆ ಹಿಡಿಯಲು ಮರಳಿನಲ್ಲಿ ಕುಳಿ ತೋಡುವ ಹುಳುವಿನ ಹೆಸರು ಹೊತ್ತದ್ದು. ಮುಖ್ಯ ಬಾಯಿ ಮಾತ್ರ ಅಲ್ಲಿಂದ ಕಾಣುವುದಿಲ್ಲ, ಅದಕ್ಕೆ ಗಂಟೆಗಟ್ಟಲೆ ನಡೆಯಬೇಕು. ಚೆನ್ನಾಗಿದೆ, ಇಲ್ಲವೆನ್ನಲಾರೆ. ಆದರೆ ಅಲ್ಲಿ ನೆರೆದವರು ಗುಡ್ಡಕ್ಕೆ ಬೆನ್ನು ಮಾಡಿ ಮೊಬೈಲಿಗೆ ಮುಖ ಮಾಡಿದ್ದೇ ಹೆಚ್ಚು.

ನನ್ನನ್ನು ಕಟ್ಟಿ ನಿಲ್ಲಿಸಿದ ಜಾಗ ಇದಾವುದೂ ಅಲ್ಲ. ಆಗ್ನೇಯ ಕರಾವಳಿಯ ಹೆದ್ದಾರಿ ಅದು, ಗ್ರಾಂ ಬ್ರೂಲೆ ಎನ್ನುವ ಕಡೆ. ಲಾವಾ ಗುಡ್ಡದಿಂದ ಇಳಿದು ಕಡಲಿಗೆ ಬೀಳುವ ದಾರಿ. ಯಾವ ವರ್ಷದ ಹರಿವು ಎಲ್ಲಿ ರಸ್ತೆ ದಾಟಿತೆಂದು ಬದಿಯಲ್ಲಿ ಫಲಕ ನೆಟ್ಟಿದ್ದಾರೆ. 2007ರ ಏಪ್ರಿಲಿನದು ದೊಡ್ಡದು. ಆಗ ಮೇಲೆ ಜ್ವಾಲಾಮುಖಿಯ ಬಾಯಿ ಮುನ್ನೂರು ಮೀಟರಿಗೂ ಆಳಕ್ಕೆ ಕುಸಿಯಿತು, ಕೆಳಗೆ ಲಾವಾ ಹೆದ್ದಾರಿಯನ್ನು ಹೂತು ಕಡಲನ್ನು ಹಿಂದಕ್ಕೆ ತಳ್ಳಿ ಹೊಸ ನೆಲ ಮಾಡಿತು. ಆಮೇಲೆ ಎಷ್ಟೋ ವರ್ಷ ಮಳೆ ಬಿದ್ದಾಗಲೆಲ್ಲ ಆ ಬಂಡೆಯಿಂದ ಹಬೆ ಏಳುತ್ತಿತ್ತಂತೆ, ಒಳಗಿನ ಕಾವು ಆರಿರಲಿಲ್ಲ.

ಕಾರು ನಿಲ್ಲಿಸಿ ಆ ಕಲ್ಲಿನ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತೆ. ಹಗ್ಗ ಹೊಸೆದಂತೆ ಮಡಿಕೆ ಮಡಿಕೆಯಾಗಿ ಹೆಪ್ಪುಗಟ್ಟಿದೆ. ಮೇಲೆಲ್ಲ ಬೂದುಬಿಳಿಯ ಕಲ್ಲುಹೂವು (ನಮ್ಮ ಮಸಾಲೆಗೆ ಹಾಕುವ ಜಾತಿಯಲ್ಲ, ಮೂಗಿಗೆ ಹಿಡಿದು ನೋಡಿದ್ದೇನೆ). ಒಂದು ಬಿರುಕಿನಲ್ಲಿ ಗೇಣುದ್ದದ ಜರಿಗಿಡ. ಅದರ ಬುಡಕ್ಕೆ ಬೆರಳು ಹಾಕಿದರೆ ಕಾಫಿಪುಡಿಯಷ್ಟು ಕಪ್ಪು ಪುಡಿ ಅಂಟಿಕೊಂಡಿತು, ಒಂದು ಚಿಟಿಕೆಯಷ್ಟು. ಮಣ್ಣು!

ನಾನು ವಿಜಯಪುರ ಸೀಮೆಯ ಎರಿ ಹೊಲದವನು, ಅಂದರೆ ಕಪ್ಪುಮಣ್ಣಿನವನು. ನಮ್ಮ ಡೋಣಿ ಹೊಳೆಯ ಬಗ್ಗೆ "ಡೋಣಿ ಹರಿದರೆ ಓಣಿಯೆಲ್ಲ ಜೋಳ" ಎನ್ನುವ ಮಾತು ಕೇಳುತ್ತ ಬೆಳೆದವನು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಈಗ ರಿಯೂನಿಯನ್ ಇರುವ ಕಡೆಯ ಮೇಲೆ ಹಾದುಹೋಗುತ್ತಿದ್ದಾಗ, ಈ ದ್ವೀಪಕ್ಕೆ ಲಾವಾ ಉಣಿಸುವ ಭೂಗರ್ಭದ ಅದೇ ಕುಲುಮೆ ಉಕ್ಕಿ ದಖ್ಖನಿನ ಕಪ್ಪುಕಲ್ಲಿನ ಪ್ರಸ್ಥಭೂಮಿ ಆಯಿತೆಂಬುದು ಬಹುಪಾಲು ಭೂವಿಜ್ಞಾನಿಗಳು ಒಪ್ಪುವ ಮಾತು. ನಾವು ಉತ್ತರಕ್ಕೆ ಸರಿಯುತ್ತ ಬಂದೆವು, ಕುಲುಮೆ ಹಿಂದೆ ಉಳಿಯಿತು. ದಾರಿಯುದ್ದಕ್ಕೂ ಮಾಲ್ಡೀವ್ಸಿನ ತಳಪಾಯ, ಮಾರಿಷಸ್ ಎಲ್ಲ ಅದರದೇ ಗುರುತು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಎರಿಮಣ್ಣು ಆ ಕಲ್ಲು ಸವೆದು ಪುಡಿಯಾಗಿ ಆದದ್ದು. ಗೋಲಗುಮ್ಮಟದ ಗೋಡೆಯೂ ಅದೇ ಕಲ್ಲು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿಬಿಟ್ಟು, ಮಳೆಗೆ ಉಬ್ಬಿ ಎತ್ತಿನ ಕಾಲು ಹಿಡಿದುಕೊಳ್ಳುವ ನಮ್ಮ ಹೊಲದ ಮೊದಲ ಚಿಟಿಕೆ ಹೀಗೇ ಯಾವುದೋ ಬಿರುಕಿನಲ್ಲಿ ಕೂಡಿರಬೇಕು. ಅರ್ಧ ಗಂಟೆ ಅಲ್ಲೇ ಕುಳಿತಿದ್ದೆ. ಹೆಂಡತಿ ಕಾರಿನಿಂದ ಎರಡು ಸಲ ಹಾರ್ನ್ ಹೊಡೆದಳು.

ಹಾಗೆಂದು ಈ ಜಾಗವನ್ನು ಯಾರೂ ವ್ಯೂ ಪಾಯಿಂಟ್ ಎಂದು ಹೊಗಳುವುದಿಲ್ಲ. ಬಸ್ಸುಗಳು ಐದು ನಿಮಿಷ ನಿಲ್ಲುತ್ತವೆ. ಇನ್ನಷ್ಟು ಉತ್ತರಕ್ಕೆ ಹೋದರೆ ಒಂದು ಚರ್ಚ್ ಇದೆ. 1977ರಲ್ಲಿ ಲಾವಾ ಅದರ ಬಾಗಿಲವರೆಗೂ ಬಂದು, ಸುತ್ತ ಕವಲೊಡೆದು ಮುಂದೆ ಹೋಯಿತು. ಅಲ್ಲಿ ಮಾತ್ರ ಜನಜಂಗುಳಿ.

ಊಟದ ವಿಷಯ ಎರಡೇ ಮಾತು. ಸಲಾಜಿ ಕಣಿವೆಗೆ ಹೋದರೆ ಇಳಿಜಾರಿನ ತುಂಬ ಸೀಮೆಬದನೆ ಬಳ್ಳಿ; ಪಲ್ಯಕ್ಕೆ ಮಾತ್ರವಲ್ಲ, ಕೇಕಿಗೂ ಹಾಕುತ್ತಾರೆ. ಕಬ್ಬಿನ ಕೆಲಸಕ್ಕೆಂದು ಹೋದ ತಮಿಳರ ಮಕ್ಕಳುಮರಿ ಅಲ್ಲಿ ಬಹಳ, ಅವರನ್ನು ಮಲ್ಬಾರ್ ಎನ್ನುತ್ತಾರೆ. ಬೀದಿಯಲ್ಲಿ ಮಾರುವ ಖಾರದ ವಡೆ ನಮ್ಮ ಮಸಾಲೆವಡೆಯ ತಮ್ಮ.

ಮನೆಗೆ ಬಂದು ಅವ್ವನಿಗೆ ಆ ಜರಿಗಿಡದ ಫೋಟೋ ತೋರಿಸಿದೆ. "ಇದನ್ನು ನೋಡಲು ವಿಮಾನ ಹತ್ತಿದೆಯಾ? ನಮ್ಮ ಬಾವಿಯ ಕಟ್ಟೆಯಲ್ಲೂ ಇದೆಯಲ್ಲ" ಎಂದಳು. ಆಕೆಯೂ ಲಾವಾ ಫೋಟೋ ಇದೆಯಾ ಎಂದೇ ಕೇಳಿದಳು.

ಹೋಗುವವರು ಸ್ವೆಟರ್ ಮರೆಯಬೇಡಿ, ಮೈದೊದಲ್ಲಿ ಹಲ್ಲು ಕಟಕಟ ಎನ್ನುತ್ತದೆ. ನೀವು ಹೋದಾಗ ಗುಡ್ಡ ಉಕ್ಕಿದರೆ ನನಗೂ ಒಂದು ವಿಡಿಯೋ ಕಳುಹಿಸಿ. ಇಷ್ಟೆಲ್ಲ ಬರೆದವನಿಗೂ ಹೊಟ್ಟೆಯೊಳಗೆ ಸ್ವಲ್ಪ ಉರಿ ಇದ್ದೇ ಇದೆ.