ಸಿಕ್ಕಿದ್ದೆಲ್ಲ ಸಿಕ್ಕು

ಸಲೂನಿನಲ್ಲಿ ಗ್ರಾಹಕರ ಕೂದಲಿಗೆ ಜೋಡಿಸಲು ತರಿಸಿದ ಉದ್ದ ಕೂದಲಿನ ಪ್ಯಾಕೆಟ್ ಮೇಲೆ ಬರೆದಿತ್ತು: ನೂರಕ್ಕೆ ನೂರು ಮನುಷ್ಯರ ಕೂದಲು, ರೆಮಿ, ವರ್ಜಿನ್, ಬ್ರೆಜಿಲಿಯನ್. ಇಷ್ಟು ಬಿರುದು ಹೊತ್ತ ಮನುಷ್ಯರನ್ನೇ ನಾನು ಕಂಡಿರಲಿಲ್ಲ. ಹಾಗಾಗಿ ಮರ್ಯಾದೆಯಿಂದಲೇ ಬಿಚ್ಚಿದೆ. ಹೊಳಪೋ ಹೊಳಪು! ಬೆರಳಿಟ್ಟರೆ ಬುಡದಿಂದ ತುದಿಗೆ ಜಾರುತ್ತಿತ್ತು. "ಒಂದು ವರ್ಷ ಇದನ್ನ ಮುಟ್ಟೋ ಹಾಗೇ ಇಲ್ಲ ಮೇಡಂ" ಎಂದಿದ್ದರು ಸಪ್ಲೈಯರ್. ಆ ಮಾತಿನ ನಿಜವಾದ ಅರ್ಥ ತಿಳಿಯಲು ಮೂರು ಸಲ ಶಾಂಪೂ ಹಾಕಬೇಕಾಯಿತು.

ಮೂರನೇ ತೊಳೆತದ ಮಾರನೇ ದಿನ ಗ್ರಾಹಕಿ ಸಲೂನಿಗೆ ಬಂದು, ಏನೂ ಮಾತಾಡದೆ ಕುರ್ಚಿಯಲ್ಲಿ ಕೂತು ಬೆನ್ನು ತಿರುಗಿಸಿದರು. ಕತ್ತಿನ ಹಿಂದೆ ಗುಬ್ಬಿ ಗೂಡು. ಮೊಟ್ಟೆ ಒಂದು ಇರಲಿಲ್ಲ, ಅಷ್ಟೆ. ಅಗಲ ಹಲ್ಲಿನ ಬಾಚಣಿಗೆ ಹಿಡಿದು ಎರಡು ಗಂಟೆ ಬಿಡಿಸಿದೆ. ಹಾಕಿದ ಕೂದಲಿನ ಜತೆಗೆ ಅವರ ಸ್ವಂತದ್ದೂ ನಾಲ್ಕೆಳೆ ಕಿತ್ತು ಬಂತು. ಆ ಕುರ್ಚಿಯಲ್ಲಿದ್ದ ನೂರಕ್ಕೆ ನೂರು ಮನುಷ್ಯರ ಕೂದಲು ಬಹುಶಃ ಅದೊಂದೇ.

ಕೂದಲಿನ ಮೈಮೇಲೆ ಮೀನಿನ ಹಾಗೆ ಹುರುಪೆ ಇರುತ್ತದೆ, ಎಲ್ಲ ತುದಿಯ ಕಡೆಗೆ ಮುಖ ಮಾಡಿಕೊಂಡು. ಎಲ್ಲ ಎಳೆಗಳ ಬುಡವೂ ಒಂದೇ ಕಡೆ ಇದ್ದರೆ ಅದು ರೆಮಿ. ಬಾಚಣಿಗೆಯಿಂದ ಹೆಕ್ಕಿ ಕೂಡಿಸಿದ ಕೂದಲಿಗೆ ಬುಡವೂ ಗೊತ್ತಿಲ್ಲ, ತುದಿಯೂ ಗೊತ್ತಿಲ್ಲ. ಹುರುಪೆಗೆ ಹುರುಪೆ ಸಿಕ್ಕಿಕೊಳ್ಳುತ್ತದೆ. ಉಪಾಯ? ಆಸಿಡ್‌ನಲ್ಲಿ ಮುಳುಗಿಸಿ ಹುರುಪೆಯನ್ನೇ ಕಳೆದು, ಮೇಲೆ ಸಿಲಿಕೋನ್ ಬಳಿಯುವುದು. ನಾನು ಮರ್ಯಾದೆ ಕೊಟ್ಟದ್ದು ಆ ಸಿಲಿಕೋನಿಗೆ. ಇನ್ನು ವರ್ಜಿನ್ ಎಂದರೆ ಬಣ್ಣವನ್ನೇ ಕಾಣದ ಕೂದಲು. ನಮ್ಮದು ಮೊದಲ ತೊಳೆತಕ್ಕೇ ಬೇಸಿನ್ ತುಂಬ ಕಪ್ಪು ನೀರು ಬಿಟ್ಟಿತ್ತು. ನಾಚಿಕೆಗಿರಬೇಕು.

ಹತ್ತು ಎಳೆ ತೆಗೆದು ಲೈಟರ್ ಹಚ್ಚಿದೆ. ಆರು ಸುಟ್ಟು ಪುಕ್ಕ ಸುಟ್ಟ ವಾಸನೆ ಬಂತು, ಬೆರಳಲ್ಲಿ ತಿಕ್ಕಿದರೆ ಬೂದಿ. ನಾಲ್ಕು ಪ್ಲಾಸ್ಟಿಕ್ಕಿನ ಹಾಗೆ ಕರಗಿ ಗಟ್ಟಿ ಮಣಿಯಾಗಿ ನಿಂತವು. ನೂರಕ್ಕೆ ಅರವತ್ತು ಮನುಷ್ಯ! ಈ ಕಾಲಕ್ಕೆ ಪರವಾಗಿಲ್ಲ ಅನ್ನಿ.

ಬ್ರೆಜಿಲ್ ವಿಚಾರವನ್ನಂತೂ ಕೇಳಲೇಬೇಡಿ. ವ್ಯಾಪಾರಕ್ಕೆ ಬರುವ ಕೂದಲಿನ ದೊಡ್ಡ ಪಾಲು ಭಾರತ, ಚೀನಾಗಳದ್ದು. ತಿರುಮಲದಲ್ಲಿ ಹರಕೆ ಒಪ್ಪಿಸಿದ ಮುಡಿ ಹರಾಜಾಗಿ ಹೊರಟರೆ, ಯಾವ ಅಂಗಡಿ ತಲುಪುವ ಹೊತ್ತಿಗೆ ಯಾವ ದೇಶದ ಪೌರತ್ವ ಪಡೆದಿರುತ್ತದೋ ಆ ಗೋವಿಂದನಿಗೂ ತಿಳಿಯದು. 2004ರಲ್ಲಿ ಒಮ್ಮೆ ಜಗತ್ತು ಈ ಊರು-ಮೂಲ ಗಟ್ಟಿಯಾಗಿ ವಿಚಾರಿಸಿತು. ತಲೆ ಮುಚ್ಚಿಕೊಳ್ಳಲು ವಿಗ್ ತೊಡುವ ತಮ್ಮ ಹೆಂಗಸರಿಗೆ ಬೇರೆ ದೇವರ ಹರಕೆಯ ಕೂದಲು ಸಲ್ಲದೆಂದು ಯಹೂದಿ ಧರ್ಮಗುರುಗಳು ಹೇಳಿದ್ದೇ ತಡ, ನ್ಯೂಯಾರ್ಕಿನ ಬೀದಿಯಲ್ಲಿ ವಿಗ್‌ಗಳಿಗೆ ಬೆಂಕಿ ಬಿತ್ತು. ನನ್ನದು ಬರೀ ಲೈಟರ್.

ಫೋನ್ ಮಾಡಿದೆ. ಸಪ್ಲೈಯರ್ ವಿಚಾರಣೆ ಶುರು ಮಾಡಿದರು, ನನ್ನದು.

"ನೀರು ಗಡಸಾ ಮೇಡಂ?"

"ಇರಬಹುದು."

"ಶಾಂಪೂ ಯಾವುದು?"

"ನೀವೇ ಕಳಿಸಿದ್ದು."

ಸ್ವಲ್ಪ ಹೊತ್ತು ಮೌನ. "ಕಸ್ಟಮರ್ ಅದನ್ನ ಹಾಕ್ಕೊಂಡೇ ಮಲಗಿದ್ರಾ?"

ತಲೆ ತೆಗೆದಿಟ್ಟು ಮಲಗುವ ಗ್ರಾಹಕರು ನಮ್ಮಲ್ಲಿಗೆ ಬರುವುದಿಲ್ಲ ಎಂದೆ. ಮಾಲು ವಾಪಸ್ ತಗೊಳ್ಳಿ ಅಂದರೆ, ಬಿಚ್ಚಿದ ಪ್ಯಾಕೆಟ್ ತಗೊಳ್ಳಲ್ಲವಂತೆ, ಶುಚಿತ್ವದ ಪ್ರಶ್ನೆಯಂತೆ. ಎಷ್ಟು ತಲೆಗಳ ಬಾಚಣಿಗೆಯಿಂದ ಬಂದದ್ದೋ, ನನ್ನ ಒಂದು ಕೈ ತಾಗಿದ್ದಕ್ಕೆ ಮೈಲಿಗೆ! ಹಾಗಾದರೆ ಬಿಚ್ಚದೆ ಉಳಿದ ಎಂಟು ಪ್ಯಾಕೆಟ್? "ಅದರಲ್ಲಿ ದೋಷ ಇದೆ ಅಂತ ಬಿಚ್ಚದೇ ಹೇಗೆ ಹೇಳ್ತೀರಾ ಮೇಡಂ?"

ತಲೆ ಬೋಳಿಸುವುದು ಎಂಬ ಮಾತನ್ನು ನಮ್ಮ ಕಸುಬಿನವರ ಮೇಲೇ ಯಾಕೆ ಹೊರಿಸಿದರೋ.

ನಾನು ಫೋನ್ ಇಡುವುದರಲ್ಲಿದ್ದೆ. ಅವರಿಗೆ ಕನಿಕರ ಬಂತು. "ಬ್ರೆಜಿಲಿಯನ್ ನಿಮ್ಮ ನೀರಿಗೆ ಒಗ್ಗಿಲ್ಲ ಅನ್ಸುತ್ತೆ ಮೇಡಂ. ಪೆರುವಿಯನ್ ಕಳಿಸಲಾ?"