ನನ್ನ ಮದುವೆಗೆ ಲಾಡ್ಜಿನ ಕೌಂಟರಿನಲ್ಲಿ ಸಾಕ್ಷಿ ಏಕೆ ಒದಗಿಸಬೇಕು?

ಹೊಸದಾಗಿ ಮದುವೆಯಾಗಿ ಗಂಡನ ಜೊತೆ ಊರು ಬಿಟ್ಟು ನಾಲ್ಕು ದಿನ ಹೊರಗೆ ಹೋಗಿಬಂದ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಆ ಪ್ರಶ್ನೆಯ ಪರಿಚಯವಿರುತ್ತದೆ. ‘ಇವರು ನಿಮಗೆ ಏನಾಗಬೇಕು?’ ಎಂದು ಲಾಡ್ಜಿನವರು ಕೇಳುತ್ತಾರೆ. ಗಂಡ ಎಂದರೆ, ‘ಪ್ರೂಫ್ ಏನಿದೆ?’ ಎನ್ನುತ್ತಾರೆ. ಈ ಚಳಿಗಾಲದಲ್ಲಿ ಮೈಸೂರಿನಿಂದ ಕಾರಿನಲ್ಲಿ ಊಟಿಗೆ ಹನಿಮೂನಿಗೆಂದು ಹೊರಟ ನಮಗೆ ಆದದ್ದೂ ಇದೇ. ಹೋಗಿಬಂದವರ ಮುಖ ನೋಡಿ ‘ಹೇಗಿತ್ತು ಊಟಿ?’ ಎಂದು ವಿಚಾರಿಸುವ ನೆಂಟರಿಷ್ಟರಿಗೆಲ್ಲ ‘ಚೆನ್ನಾಗಿತ್ತು’ ಎಂದು ಹೇಳಿ ಸಾಕಾಗಿದೆ. ಚೆನ್ನಾಗಿರಲಿಲ್ಲ. ನನ್ನನ್ನು ಅಪರಿಚಿತರ ಎದುರು ನಿಲ್ಲಿಸಿ, ನಾನು ಕೈಹಿಡಿದ ಗಂಡನ ಜೊತೆ ಒಂದು ಕೋಣೆಯಲ್ಲಿ ಇರಬಹುದೇ ಇಲ್ಲವೇ ಎಂದು ವಿಚಾರಣೆ ನಡೆಸಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ತವರು ಪಾಂಡವಪುರದ ಹತ್ತಿರದ ಹಳ್ಳಿ, ಕೊಟ್ಟ ಮನೆ ಮೈಸೂರು. ಧನುರ್ಮಾಸ ಹತ್ತಿಬಿಟ್ಟರೆ ಲಗ್ನವಿಲ್ಲವೆಂದು ಹಿರಿಯರು ಅದಕ್ಕೆ ಮುಂಚೆಯೇ ಮುಹೂರ್ತ ಇಡಿಸಿದ್ದರಿಂದ ಚಪ್ಪರ, ಧಾರೆ, ಬೀಗರ ಔತಣ ಎಲ್ಲವೂ ಒಂದರ ಹಿಂದೆ ಒಂದು ಅವಸರದಲ್ಲಿಯೇ ಮುಗಿದವು. ಇಬ್ಬರಿಗೂ ಉಳಿದಿದ್ದ ರಜೆ ಕಡಿಮೆ. ದೂರದ ಊರು ಬೇಡ, ನಮ್ಮದೇ ಕಾರಿನಲ್ಲಿ ನಿಧಾನವಾಗಿ ಊಟಿಗೆ ಹೋಗಿಬರೋಣ ಎಂದು ತೀರ್ಮಾನಿಸಿ, ಕೋಣೆಯ ಪೂರ್ತಿ ಬಾಡಿಗೆಯನ್ನು ಆನ್‌ಲೈನಿನಲ್ಲಿ ಮುಂಗಡವಾಗಿ ಕಟ್ಟಿ, ನೀಲಗಿರಿ ಜಿಲ್ಲೆಗೆ 2024ರ ಮೇ ತಿಂಗಳಿನಿಂದ ಕಡ್ಡಾಯವಾಗಿರುವ ಇ-ಪಾಸನ್ನೂ ತೆಗೆದುಕೊಂಡು ಹೊರಟೆವು. ಕೋಣೆ ಕಾದಿರಿಸುವಾಗ ಇಬ್ಬರ ಹೆಸರು, ವಯಸ್ಸು, ಫೋನ್ ನಂಬರ್ ಎಲ್ಲವನ್ನೂ ಕೊಟ್ಟಿದ್ದೆವು. ಮದುವೆಯ ದಾಖಲೆ ತರಬೇಕೆಂದು ಅಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ನಂಜನಗೂಡಿನಲ್ಲಿ ನಂಜುಂಡೇಶ್ವರನ ದರ್ಶನ ಮಾಡಿ, ಗುಂಡ್ಲುಪೇಟೆ, ಬಂಡೀಪುರ ದಾಟಿ, ಮಸಿನಗುಡಿಯ ಮೇಲೆ ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನು ಹತ್ತಿ ಊಟಿ ಸೇರುವ ಹೊತ್ತಿಗೆ ಕತ್ತಲಾಗಿತ್ತು. ದಾರಿ ಸುಮಾರು 125 ಕಿಲೋಮೀಟರ್ ಅಷ್ಟೇ ಆದರೂ ಘಾಟಿಯಲ್ಲಿ ಮಂಜು ಕವಿದಿದ್ದರಿಂದ ನಮ್ಮವರು ಕಾರನ್ನು ಬಹಳ ನಿಧಾನವಾಗಿಯೇ ಓಡಿಸಬೇಕಾಯಿತು. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ರಾತ್ರಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ. ಕಾರಿನಿಂದ ಇಳಿದಾಗ ಬೆರಳುಗಳು ಮಡಚಲು ಬಾರದಷ್ಟು ಮರಗಟ್ಟಿದ್ದವು. ಬೇಗ ಕೋಣೆಯ ಕೀ ಸಿಕ್ಕರೆ ಸಾಕು ಎನ್ನಿಸಿತ್ತು.

ಕೌಂಟರಿನಲ್ಲಿದ್ದ ಮ್ಯಾನೇಜರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಆತ ನಮ್ಮಿಬ್ಬರ ಆಧಾರ್ ಕಾರ್ಡುಗಳನ್ನು ತೆಗೆದುಕೊಂಡು ಗಾಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟ. ನಮ್ಮವರದನ್ನು ಒಂದು ಸಲ ನೋಡಿ ಬದಿಗೆ ಸರಿಸಿದ. ನನ್ನದನ್ನು ಕೈಯಲ್ಲಿ ಹಿಡಿದುಕೊಂಡು, ತಂದೆಯ ಹೆಸರಿರುವ ಸಾಲಿನ ಮೇಲೆ ಬೆರಳಿಟ್ಟು, ‘ಇದರಲ್ಲಿ ಇವರ ಹೆಸರು ಇಲ್ಲವಲ್ಲ, ವಿಳಾಸವೂ ಬೇರೆ ಇದೆ’ ಎಂದ. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ ಎಂದು ಹೇಳಿದೆ. ನನ್ನ ಕೈಯ ಮೆಹಂದಿ ಮಾಸಿರಲಿಲ್ಲ, ಕೊರಳಲ್ಲಿ ಅರಿಶಿನದ ದಾರ ಇತ್ತು, ಕಾಲುಂಗುರ ಇತ್ತು. ಆತ ಕೊರಳಿನತ್ತ ಒಮ್ಮೆ ಕಣ್ಣು ಹಾಯಿಸಿ, ‘ತಾಳಿಯನ್ನು ಯಾರು ಬೇಕಾದರೂ ಕಟ್ಟಿಕೊಂಡು ಬರಬಹುದು ಮೇಡಂ, ಮ್ಯಾರೇಜ್ ಸರ್ಟಿಫಿಕೇಟ್ ಕೊಡಿ’ ಎಂದ. ಹಿಂದೆ ಸೋಫಾದಲ್ಲಿ ಒಂದು ಕುಟುಂಬ ಕೂತಿತ್ತು. ಅವರ ಮಾತು ನಿಂತಿತು. ಅಲ್ಲಿದ್ದ ಅಜ್ಜಿಯೊಬ್ಬರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

ಮದುವೆಯ ಫೋಟೊಗಳನ್ನು ತೋರಿಸಿದೆವು. ಆತ ಫೋನನ್ನು ನಮ್ಮ ಕೈಯಿಂದ ತೆಗೆದುಕೊಂಡು ತಾನೇ ಒಂದೊಂದಾಗಿ ಸರಿಸುತ್ತ ನೋಡಿದ. ಧಾರೆಯ ಫೋಟೊ, ಅವ್ವ ಕಣ್ಣೊರೆಸಿಕೊಳ್ಳುತ್ತಿರುವ ಫೋಟೊ, ನಾವಿಬ್ಬರೂ ಮನೆಯೊಳಗೆ ತೆಗೆದುಕೊಂಡ ಫೋಟೊ, ಎಲ್ಲವನ್ನೂ ನೋಡಿದ. ನಮ್ಮವರು ಫೋನನ್ನು ಹಿಂದಕ್ಕೆ ಕಿತ್ತುಕೊಂಡು ‘ಇಷ್ಟು ಸಾಲದೇ?’ ಎಂದು ಗದರಿದ ಮೇಲೆ, ‘ಹುಡುಗಿಯ ತಂದೆಗೆ ಫೋನ್ ಮಾಡಿ ಕೊಡಿ, ನಾನೇ ಮಾತಾಡುತ್ತೇನೆ’ ಎಂಬ ಬೇಡಿಕೆ ಬಂತು. ಹುಡುಗನ ತಂದೆಗೆ ಫೋನ್ ಮಾಡಿ ಎಂದು ಆತ ಕೇಳಲಿಲ್ಲ. ನನಗೆ ಉದ್ಯೋಗವಿದೆ, ಮತದ ಹಕ್ಕಿದೆ, ನನ್ನ ಸಂಬಳದ ದುಡ್ಡಿನಲ್ಲಿಯೇ ಆ ಕೋಣೆಯ ಬಾಡಿಗೆ ಕಟ್ಟಿದ್ದೇನೆ. ಆದರೂ ನನ್ನ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ, ಅಪ್ಪ ಬಂದು ಜವಾಬು ಕೊಡಬೇಕಿತ್ತು.

ನನ್ನಪ್ಪ ರಾತ್ರಿ ಬೇಗ ಉಂಡು ಮಲಗುವವರು. ಹೊತ್ತಲ್ಲದ ಹೊತ್ತಿನಲ್ಲಿ ಮಗಳ ಫೋನ್ ಬಂದದ್ದೇ ಅವರಿಗೆ ಗಾಬರಿ. ‘ಏನವ್ವ, ಏನಾಯ್ತು? ಗಾಡಿಗೇನಾರ ಆಯ್ತಾ?’ ಎಂದರು. ಉತ್ತರ ಹೇಳುವ ಮೊದಲೇ ಮ್ಯಾನೇಜರ್ ಫೋನ್ ತೆಗೆದುಕೊಂಡು, ನನ್ನ ಹೆಸರು ಹೇಳಿ, ‘ಇವರು ನಿಮ್ಮ ಮಗಳಾ? ಜೊತೆಗೊಬ್ಬರು ಬಂದಿದ್ದಾರೆ, ನಿಮಗೆ ಗೊತ್ತಾ?’ ಎಂದು ಕೇಳಿದ. ಸ್ಪೀಕರ್ ಹಾಕಿದ್ದರಿಂದ ಅಪ್ಪನ ಮೌನವನ್ನು ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಆಮೇಲೆ ಅಪ್ಪ, ‘ನಾನೇ ಧಾರೆ ಎರೆದು ಕೊಟ್ಟಿವ್ನಿ ಕಣಪ್ಪ’ ಎಂದರು. ಇಡೀ ಊರಿನ ಮುಂದೆ ಮಗಳ ಕೈಹಿಡಿಸಿ, ಸಾಲ ಮಾಡಿ ಬೀಗರನ್ನು ಉಪಚರಿಸಿ ಕಳಿಸಿದ ಮನುಷ್ಯನಿಂದ ಈ ಮಾತನ್ನು ಹೇಳಿಸಿದ್ದನ್ನು ನಾನು ಕ್ಷಮಿಸಲಾರೆ.

‘ಅಷ್ಟಾದ ಮೇಲೂ ಅಲ್ಲೇ ಏಕೆ ಉಳಿದಿರಿ, ಎದ್ದು ಬರಬಾರದಿತ್ತೇ?’ ಎಂದು ಕೇಳುವವರಿದ್ದಾರೆ. ಅವರಿಗೆ ಆ ದಾರಿ ಗೊತ್ತಿಲ್ಲ. ಬಂಡೀಪುರದ ಕಾಡುದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಖಾಸಗಿ ವಾಹನಗಳ ಓಡಾಟಕ್ಕೆ ತಡೆ ಇದೆ. ಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯಬಾರದೆಂಬ ಆ ನಿಯಮಕ್ಕೆ ನನ್ನ ಪೂರ್ಣ ಸಹಮತವಿದೆ. ಹತ್ತಿಬಂದ ಕಲ್ಹಟ್ಟಿ ದಾರಿಯಲ್ಲಿ ಹೊರಗಿನವರ ಗಾಡಿಗಳನ್ನು ಕೆಳಗಿಳಿಯಲು ಬಿಡುವುದಿಲ್ಲ, ಗೂಡಲೂರಿನ ಮೇಲೆ ಸುತ್ತಿಕೊಂಡು ಬರಬೇಕು. ಮಂಜಿನಲ್ಲಿ ಆ ಘಾಟಿ ಇಳಿದು ಗೇಟು ಮುಚ್ಚುವುದರೊಳಗೆ ಕಾಡು ದಾಟುವ ಸಾಧ್ಯತೆಯೇ ಇರಲಿಲ್ಲ. ಸೀಸನ್ ಆದ್ದರಿಂದ ಊಟಿಯಲ್ಲಿ ಬೇರೆ ಕಡೆ ಕೋಣೆ ಸಿಗುವ ಭರವಸೆಯೂ ಇರಲಿಲ್ಲ. ಸಿಕ್ಕರೂ ಅಲ್ಲಿಯೂ ಇದೇ ಪ್ರಶ್ನೆ ಬರುವುದಿಲ್ಲ ಎಂದು ಹೇಗೆ ನಂಬುವುದು? ಹಿಂದಿರುಗಲು ದಾರಿಯಿಲ್ಲದ ಹೊತ್ತಿನಲ್ಲಿ, ಚಳಿಯಲ್ಲಿ ನಡುಗುತ್ತಿರುವ ಗಂಡು ಹೆಣ್ಣನ್ನು ಬಾಗಿಲ ಹೊರಗೆ ಕಳಿಸುತ್ತೇನೆಂದು ಹೆದರಿಸುವುದನ್ನು ಲಾಡ್ಜಿನವರು ‘ನಮ್ಮ ಪಾಲಿಸಿ’ ಎಂದು ಕರೆಯುತ್ತಾರೆ.

ಈ ಪಾಲಿಸಿಗೆ ಯಾವ ಕಾನೂನಿನ ಆಸರೆಯೂ ಇಲ್ಲ. ತಂಗುವವರ ಗುರುತಿನ ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು ಅವರ ಕರ್ತವ್ಯ, ಅದಕ್ಕೆ ಯಾರ ತಕರಾರೂ ಇಲ್ಲ. ಆ ಇಬ್ಬರ ನಡುವೆ ಏನು ಸಂಬಂಧ ಎಂಬುದನ್ನು ರುಜುವಾತು ಮಾಡಿಸುವುದು ಅವರ ಕೆಲಸವಲ್ಲ. ಕೊಯಮತ್ತೂರಿನ ಒಂದು ವಸತಿಗೃಹಕ್ಕೆ ಅಧಿಕಾರಿಗಳು ಬೀಗ ಜಡಿದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2019ರಲ್ಲಿಯೇ, ಮದುವೆಯಾಗದ ಗಂಡು ಹೆಣ್ಣು ಹೋಟೆಲಿನ ಕೋಣೆಯಲ್ಲಿ ತಂಗುವುದನ್ನು ನಿಷೇಧಿಸುವ ಯಾವ ಕಾನೂನೂ ಇಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಊಟಿ ಇರುವುದೂ ಅದೇ ಹೈಕೋರ್ಟಿನ ವ್ಯಾಪ್ತಿಯಲ್ಲಿ. ಆದ್ದರಿಂದ ‘ನಾವು ನಿಜವಾಗಿಯೂ ಮದುವೆಯಾದವರು, ನಮ್ಮನ್ನು ಅನುಮಾನಿಸಿದರು’ ಎಂಬುದಷ್ಟೇ ನನ್ನ ದೂರು ಅಲ್ಲ. ಮದುವೆಯಾಗದವರು ಬಂದಿದ್ದರೂ ಆ ಪ್ರಶ್ನೆ ಕೇಳುವ ಅಧಿಕಾರ ಆತನಿಗೆ ಇರಲಿಲ್ಲ. ಇದನ್ನು ನಮ್ಮ ಮನೆಯಲ್ಲಿ ಹೇಳಿದಾಗ ಅತ್ತೆಯವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೂ ನನ್ನ ಅಭಿಪ್ರಾಯ ಇದೇ.

ಇನ್ನು ಮದುವೆ ಸರ್ಟಿಫಿಕೇಟಿನ ವಿಚಾರ. ಸುಪ್ರೀಂ ಕೋರ್ಟ್ 2006ರಲ್ಲಿ ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ರಾಜ್ಯಗಳಿಗೆ ಸೂಚಿಸಿದ್ದು ನಿಜ, ನಾವೂ ನೋಂದಣಿ ಮಾಡಿಸುವವರೇ. ಕರ್ನಾಟಕದಲ್ಲಿ 2024ರಿಂದ ಕಾವೇರಿ 2.0 ತಂತ್ರಾಂಶದ ಮೂಲಕ ಮನೆಯಿಂದಲೇ ಅರ್ಜಿ ಹಾಕುವ ಅನುಕೂಲವೂ ಆಗಿದೆ. ಆದರೆ ಲಗ್ನಪತ್ರಿಕೆ, ಫೋಟೊ, ವಯಸ್ಸಿನ ದಾಖಲೆ, ಸಾಕ್ಷಿಗಳು ಎಂದು ಎಲ್ಲವನ್ನೂ ಹೊಂದಿಸಿಕೊಳ್ಳಲು ಹೊಸ ದಂಪತಿಗೆ ಸ್ವಲ್ಪ ಸಮಯ ಬೇಕಾಗುತ್ತದೆ. ನೋಂದಣಿ ಆಗದಿದ್ದ ಮಾತ್ರಕ್ಕೆ ಮದುವೆಯ ಸಿಂಧುತ್ವಕ್ಕೆ ಧಕ್ಕೆಯಿಲ್ಲವೆಂದು 1955ರ ಹಿಂದೂ ವಿವಾಹ ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿಯೇ ಇದೆ. ಸಂಸತ್ತು ಒಪ್ಪಿದ ಮದುವೆಯನ್ನು ಲಾಡ್ಜಿನ ಮ್ಯಾನೇಜರ್ ಒಪ್ಪುವುದಿಲ್ಲ.

ಆಧಾರಿನಲ್ಲಿ ಅಪ್ಪನ ಹೆಸರಿರುವುದೇ ತಪ್ಪೆಂಬಂತೆ ಮಾತಾಡುವವರಿಗೂ ಒಂದು ಮಾತು ಹೇಳಬೇಕು. ಮದುವೆಯಾದ ಮರುದಿನವೇ ಹೆಣ್ಣು ತನ್ನ ಗುರುತನ್ನೆಲ್ಲ ಅಳಿಸಿ ಬರೆಸಿಕೊಳ್ಳಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ನನ್ನ ಬ್ಯಾಂಕ್ ಖಾತೆ, ಪ್ಯಾನ್, ಪದವಿಯ ಪ್ರಮಾಣಪತ್ರ, ಕೆಲಸದ ದಾಖಲೆ ಎಲ್ಲವೂ ಹುಟ್ಟಿದ ಹೆಸರಿನಲ್ಲಿವೆ, ಅವು ಹಾಗೆಯೇ ಇರುತ್ತವೆ. ಪಡಿತರ ಚೀಟಿಯಲ್ಲಿ ತವರಿನ ಕಾರ್ಡಿನಿಂದ ಹೆಸರು ತೆಗೆಸಿ ಗಂಡನ ಮನೆಯ ಕಾರ್ಡಿಗೆ ಸೇರಿಸುವ ಓಡಾಟ ಎಷ್ಟೆಂಬುದು ಮಾಡಿಸಿದವರಿಗೆ ಗೊತ್ತು. ನಮ್ಮವರ ಆಧಾರಿನಲ್ಲಿಯೂ ನನ್ನ ಹೆಸರಿಲ್ಲ, ಅವರ ತಂದೆಯ ಹೆಸರೇ ಇದೆ. ಅದರ ಬಗ್ಗೆ ಯಾರೂ ಚಕಾರವೆತ್ತಲಿಲ್ಲ.

ಇಷ್ಟೆಲ್ಲ ಆದಮೇಲೆ ಆತ ನನ್ನ ಆಧಾರ್ ಕಾರ್ಡಿನ ಎರಡೂ ಬದಿಯನ್ನು ತನ್ನ ಸ್ವಂತ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ. ಕಡೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ನನ್ನ ಫೋನಿನಲ್ಲಿತ್ತು, ಅದನ್ನು ಕೊಡುತ್ತೇನೆಂದರೆ ಕೇಳಲಿಲ್ಲ. ನನ್ನ ತವರಿನ ವಿಳಾಸ, ಅಪ್ಪನ ಹೆಸರು, ಅವರ ಫೋನ್ ನಂಬರ್ ಎಲ್ಲವೂ ಈಗ ಯಾರೋ ಅಪರಿಚಿತನ ಬಳಿ ಇವೆ. ಕಡೆಗೆ ಕೀ ಕೊಡುವಾಗ, ‘ಪೊಲೀಸ್ ರೈಡ್ ಆದರೆ ನಮಗೆ ತೊಂದರೆ, ನಿಮ್ಮ ಸೇಫ್ಟಿಗೇ ಮೇಡಂ’ ಎಂದ. ಪೊಲೀಸರ ಕಿರುಕುಳ ಇದ್ದರೆ ಲಾಡ್ಜಿನವರ ಸಂಘ ಹೋಗಿ ಪೊಲೀಸರನ್ನು ಕೇಳಲಿ. ಆ ಭಯದ ಲೆಕ್ಕವನ್ನು ಹೆಣ್ಣುಮಕ್ಕಳ ಮಾನದಿಂದ ತೀರಿಸುವುದು ಯಾವ ನ್ಯಾಯ? ಆ ರಾತ್ರಿ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ. ನಮ್ಮವರು ಅಪ್ಪನಿಗೆ ಮತ್ತೆ ಫೋನ್ ಮಾಡಿ ಸಮಾಧಾನ ಹೇಳಿದರು, ನನಗೆ ಧೈರ್ಯ ಬರಲಿಲ್ಲ. ಉಳಿದ ದಿನಗಳ ಬುಕಿಂಗ್ ಬಿಟ್ಟು ಮರುದಿನ ಬೆಳಗ್ಗೆಯೇ ಗೂಡಲೂರಿನ ದಾರಿ ಹಿಡಿದೆವು. ಕಟ್ಟಿದ ಹಣ ಹಿಂದಿರುಗಿಸಲು ಲಾಡ್ಜಿನವರೂ ಬುಕಿಂಗ್ ಸಂಸ್ಥೆಯವರೂ ಒಬ್ಬರ ಮೇಲೊಬ್ಬರು ಹಾಕಿ ಜಾರಿಕೊಳ್ಳುತ್ತಿದ್ದಾರೆ.

ಮನೆಯಲ್ಲಿ ‘ಹೋಗಲಿ ಬಿಡಿ, ಹೊಸ ಮದುಮಕ್ಕಳು, ಕೋರ್ಟು ಕಚೇರಿ ಏಕೆ?’ ಎನ್ನುತ್ತಿದ್ದಾರೆ. ಬಿಡುವುದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದು, ಊಟಿಗೆ ಅಲೆಯಬೇಕಿಲ್ಲ. 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. ಬುಕಿಂಗ್ ರಸೀದಿ, ಹಣ ಕಟ್ಟಿದ ದಾಖಲೆ, ಅಪ್ಪನಿಗೆ ಕರೆ ಹೋದ ಸಮಯ ಎಲ್ಲವನ್ನೂ ತೆಗೆದಿಟ್ಟಿದ್ದೇನೆ. ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡುವ ದೂರಿನಲ್ಲಿ ಬಾಡಿಗೆ ಹಣದ ಜೊತೆಗೆ, ಅಪ್ಪನಿಗೆ ಲಿಖಿತವಾಗಿ ಕ್ಷಮೆ ಕೇಳಬೇಕು, ನನ್ನ ಕಾರ್ಡಿನ ಫೋಟೊವನ್ನು ಅಳಿಸಬೇಕು ಎಂದೂ ಬರೆದಿದ್ದೇನೆ. ಇದೇ ರೀತಿ ಅವಮಾನ ಅನುಭವಿಸಿ ರಸೀದಿ ಇಟ್ಟುಕೊಂಡಿರುವವರು ಮೈಸೂರು, ಮಂಡ್ಯದ ಕಡೆ ಇದ್ದರೆ ತಾವೂ ದೂರು ಕೊಡಿ. ಬರೆಯಲು ನೆರವು ಬೇಕಿದ್ದರೆ ನಾನು ಬರೆದುಕೊಡುತ್ತೇನೆ.